ಮನೆಯೊಡೆಯನಿದ್ದ ಸಂವಾದಶಾಲೆ

1978ರ ಜನವರಿಯಲ್ಲಿ ಹಿಮಪಾತದಿಂದಾಗಿ ಷಿಕಾಗೋ ನಗರದ ಜನ ಹೊಸಿಲು ದಾಟಲಾರದೆ ಕುಳಿತಿದ್ದಾಗ, ಐಬಿಎಂ ಸಂಸ್ಥೆಯ ಉದ್ಯೋಗಿ ವಾರ್ಡ್ ಕ್ರಿಸ್ಟೆನ್ಸನ್ ಅವರೂ ಅವರ ಮಿತ್ರ ರ‍್ಯಾಂಡಿ ಸೂಸ್ ಅವರೂ, ತಮ್ಮ ಗಣಕಹವ್ಯಾಸಿಗಳ ಸಂಘದಲ್ಲಿ ಸದಸ್ಯರು ಚೀಟಿಗಳನ್ನು ಪಿನ್ನಿನಿಂದ ಚುಚ್ಚಿಡುತ್ತಿದ್ದ ನೋಟೀಸು ಬೋರ್ಡನ್ನು ದೂರವಾಣಿಯ ಮೂಲಕವೇ ಓದುವಂತೆ ಮಾಡಬಹುದಲ್ಲವೇ ಎಂದು ಆಲೋಚಿಸಿ, ಫೆಬ್ರವರಿ 16ರಂದು ಅದನ್ನು ಬಳಕೆಗೆ ತಂದರು. ಮುಂದೆ ಸಹಸ್ರಾರು ಮನೆಗಳಲ್ಲಿ ಹುಟ್ಟಿಕೊಂಡ ಬುಲೆಟಿನ್ ಬೋರ್ಡುಗಳ ಸಂತತಿಗೆ ಅದೇ ಮೂಲಪುರುಷ.

ಕ್ರಿಸ್ಟೆನ್ಸನ್ ತಂತ್ರಾಂಶವನ್ನು ಬರೆದರು. ಸೂಸ್ ಯಂತ್ರವನ್ನು ಜೋಡಿಸಿದರು. ಷಿಕಾಗೋದ ಯಾವ ಮೂಲೆಯಿಂದ ಕರೆದರೂ ಸ್ಥಳೀಯ ಕರೆಯ ದರವೇ ಬೀಳಲೆಂದು ಯಂತ್ರವನ್ನು ಸೂಸ್ ಅವರ ಮನೆಯಲ್ಲಿಯೇ ಇರಿಸಲಾಯಿತು. ದೂರವಾಣಿಯ ಗಂಟೆ ಬಾರಿಸಿದೊಡನೆ ಅದು ಎಚ್ಚೆತ್ತು, ಫ್ಲಾಪಿಯಿಂದ ತನ್ನ ಕಾರ್ಯಕ್ರಮವನ್ನು ಓದಿಕೊಂಡು, ಸೆಕೆಂಡಿಗೆ ಸುಮಾರು 30 ಅಕ್ಷರಗಳ ವೇಗದಲ್ಲಿ ಸಂದೇಶಗಳನ್ನು ಒಪ್ಪಿಸುತ್ತಿದ್ದಿತು. ಇದ್ದುದು ಒಂದೇ ತಂತಿ. ಒಬ್ಬನು ಓದುತ್ತಿರುವಷ್ಟು ಕಾಲವೂ ಉಳಿದವರಿಗೆಲ್ಲ ಎಂಗೇಜ್ ಸದ್ದು. ತನ್ನ ಹಿಂದೆ ಮತ್ತೊಬ್ಬನು ಕಾದಿದ್ದಾನೆಂಬ ಅರಿವು ಬರೆಯುವವನ ಮಾತಿಗೆ ಮಿತಿಯನ್ನೂ ಮರ್ಯಾದೆಯನ್ನೂ ಕಲಿಸಿತೆಂದು ನಾನು ನಂಬುತ್ತೇನೆ.

ಇಂತಹ ಬೋರ್ಡನ್ನು ನಡೆಸುವವನಿಗೆ ಸಿಸಾಪ್ ಎಂದು ಹೆಸರು. ಯಂತ್ರ ಅವನದು, ಟೆಲಿಫೋನ್ ಬಿಲ್ಲು ಅವನದು. ಅಲ್ಲಿ ಯಾರಾದರೂ ಅಸಭ್ಯವಾಗಿ ಬರೆದರೆ ಅದನ್ನು ಅಳಿಸುವ ಹೊಣೆಯೂ ಅವನದೇ. ಅವನ ನಿರ್ಣಯ ಅನ್ಯಾಯವೆಂದು ತೋರಿದರೆ ಅದನ್ನು ನೇರವಾಗಿ ಅವನಿಗೇ ಹೇಳಬಹುದಾಗಿತ್ತು. ಅವನು ಕಿವಿಗೊಡದಿದ್ದರೆ ಬೇರೊಂದು ಸಂಖ್ಯೆಯನ್ನು ತಿರುಗಿಸಬಹುದಾಗಿತ್ತು. 1984ರಲ್ಲಿ ಟಾಮ್ ಜೆನಿಂಗ್ಸ್ ಅವರು ಹುಟ್ಟುಹಾಕಿದ ಫಿಡೋನೆಟ್, ಕರೆಯ ದರ ಇಳಿದಿರುವ ನಡುರಾತ್ರಿಯಲ್ಲಿ ಬೋರ್ಡಿನಿಂದ ಬೋರ್ಡಿಗೆ ಪತ್ರಗಳನ್ನು ದಾಟಿಸುತ್ತ ಖಂಡಾಂತರಗಳನ್ನು ಬೆಸೆದಾಗಲೂ, ಪ್ರತಿಯೊಂದು ಕೊಂಡಿಯಲ್ಲಿ ಒಬ್ಬ ಗುರುತಿನ ಮನುಷ್ಯನಿದ್ದನು. ನಮ್ಮ ಬೆಂಗಳೂರಿನಲ್ಲಿಯೂ, ಮುಂದೆ ಲಿನಕ್ಸ್ ತಂತ್ರಾಂಶದ ಪ್ರಚಾರಕ್ಕಾಗಿ ಶ್ರಮಿಸಿದ ಅತುಲ್ ಚಿಟ್ನಿಸ್ ಅವರು ಇಂತಹುದೊಂದು ಬೋರ್ಡನ್ನು ನಡೆಸಿದ್ದರು.

ಅನಂತರ ಈ ಬೋರ್ಡುಗಳ ಅವಸಾನ ಬಲುಬೇಗ ಬಂದಿತು. 1993ರಲ್ಲಿ ಅಂತರಜಾಲದ ಪುಟಗಳನ್ನು ತೋರಿಸುವ ಮೊಸಾಯಿಕ್ ಎಂಬ ತಂತ್ರಾಂಶ ಬಂದ ಮೇಲೆ, ಒಂದು ಸ್ಥಳೀಯ ಕರೆಯಿಂದ ಜಗತ್ತೆಲ್ಲವೂ ಚಿತ್ರಸಮೇತವಾಗಿ ದೊರೆಯುವಾಗ ನೆರೆಮನೆಯ ಯಂತ್ರಕ್ಕೆ ಯಾರು ಕರೆ ಮಾಡಿಯಾರು? ಎಷ್ಟೋ ಮಂದಿ ಸಿಸಾಪರು ತಾವೇ ಅಂತರಜಾಲ ಸಂಪರ್ಕವನ್ನು ಮಾರುವ ವರ್ತಕರಾದರು. ಗಣಕವನ್ನು ದೂರವಾಣಿಗೆ ಜೋಡಿಸುತ್ತಿದ್ದ ನಿಧಾನಗತಿಯ ಮೋಡೆಮ್ ಅಳಿದುದಕ್ಕೆ ನನಗೆ ಶೋಕವಿಲ್ಲ, ಅದು ಕಾಲಧರ್ಮ. ಆದರೆ ಮಾತನಾಡುವವರ ನಡುವೆಯೇ ವಾಸಿಸುತ್ತ, ಅವರಿಗೆ ಉತ್ತರ ಕೊಡಬೇಕಾಗಿದ್ದ ಮನೆಯೊಡೆಯನೂ ಅದರೊಡನೆಯೇ ಮರೆಯಾಗಬೇಕೆಂಬ ವಿಧಿಯೇನೂ ಇರಲಿಲ್ಲ. ಈಗ ಕನ್ನಡಿಗರ ಅಂತರಜಾಲದ ಮಾತುಕತೆಯ ಬಹುಭಾಗ ನಡೆಯುವುದು ಸಾಗರದಾಚೆಯ ಕಂಪನಿಗಳ ಆವರಣದಲ್ಲಿ. ಅಲ್ಲಿ ಬರೆಹವೊಂದು ಮಾಯವಾದರೆ ಏಕೆಂದು ಕೇಳುವುದಕ್ಕೆ ಒಂದು ಮುಖವೂ ಕಾಣದು.

ಸೂಸ್ 2019ರಲ್ಲಿಯೂ ಕ್ರಿಸ್ಟೆನ್ಸನ್ 2024ರಲ್ಲಿಯೂ ತೀರಿಕೊಂಡರು. ಅವರ ಯಂತ್ರಕ್ಕಿಂತ ಎಷ್ಟೋ ಪಾಲು ಸಮರ್ಥವಾದ ಗಣಕಗಳು ಇಂದು ನಮ್ಮ ಜಿಲ್ಲಾ ಗ್ರಂಥಾಲಯಗಳ ಮೇಜಿನ ಮೇಲಿವೆ. ಒಂದೊಂದು ಗ್ರಂಥಾಲಯವೂ ತನ್ನ ಊರಿನ ಓದುಗರಿಗಾಗಿ ಇಂತಹ ಒಂದು ಸಂವಾದಶಾಲೆಯನ್ನು ತೆರೆದು, ಅದನ್ನು ನೋಡಿಕೊಳ್ಳುವವರ ಹೆಸರನ್ನು ಬಾಗಿಲಲ್ಲಿಯೇ ಬರೆದಿಡಲಿ. ತಕರಾರು ಇದ್ದವರು ಹೋಗಿ ಅವರೊಡನೆ ಎದುರುಬದುರು ಕುಳಿತು ವಾದಿಸಲಿ.