ಗಂಟು ಕಟ್ಟುವವರು ಯಾರು?

ಕವಿತಾಳದಿಂದ ಮಾನ್ವಿ ಕಡೆ ಹೋಗಿ, ದೇವದುರ್ಗದ ಕಡೆ ಹೋಗಿ, ಮಳೆಗಾಲದಲ್ಲಿ ತೊಗರಿ ಹೊಲ ಕಾಣದೆ ಇರುವುದಿಲ್ಲ. ಒಂದೂವರೆ ತಿಂಗಳ ಒಂದು ತೊಗರಿ ಗಿಡ ಆರಿಸಿಕೊಳ್ಳಿ. ಜಗ್ಗಿ ಕೀಳಬೇಡಿ, ಎರೆಮಣ್ಣು ಬೇರನ್ನು ಸುಲಭಕ್ಕೆ ಬಿಡುವುದಿಲ್ಲ, ನಮಗೆ ಬೇಕಾದದ್ದೇ ನೆಲದಲ್ಲಿ ಉಳಿದುಬಿಡುತ್ತದೆ. ಸುತ್ತಲೂ ಅಗೆದು, ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ. ಮಣ್ಣು ಕರಗಿದ ಮೇಲೆ ಬೇರಿನಲ್ಲಿ ಚಿಕ್ಕ ಚಿಕ್ಕ ಗಂಟುಗಳು ಕಾಣುತ್ತವೆ. ದೊಡ್ಡವರ ನೆರವಿನಿಂದ ಒಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣ!

ಈ ಗಂಟು ಕಟ್ಟಿದವರು ಯಾರು? ಪರೀಕ್ಷೆಯಲ್ಲಿ ‘ರೈಜೋಬಿಯಂ ಬ್ಯಾಕ್ಟೀರಿಯಾ’ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಆ ಉತ್ತರ ಅರ್ಧ ಮಾತ್ರ ಸರಿ. ಬ್ಯಾಕ್ಟೀರಿಯಾ ಬಾಗಿಲು ತಟ್ಟುತ್ತದೆ, ಅಷ್ಟೆ. ಬಾಗಿಲು ತೆರೆಯುವುದು, ಕೋಣೆ ಕಟ್ಟುವುದು, ಊಟ ಬಡಿಸುವುದು ಎಲ್ಲವೂ ಗಿಡದ ಕೆಲಸ. ಉಳಿದರ್ಧ ಗೊತ್ತಿಲ್ಲದಿದ್ದರೆ ಅಂಕವೇನೂ ಹೋಗುವುದಿಲ್ಲ. ಮನೆಯ ದುಡ್ಡು ಹೋಗುತ್ತದೆ. ಹೇಗೆಂದು ನೋಡೋಣ.

ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದೆ. ಆದರೆ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದು. ಕಾಳುಬೆಳೆಗಳ ಬೇರುಗಂಟಿನೊಳಗೆ ಆ ಸಾರಜನಕ ಗೊಬ್ಬರವಾಗುತ್ತದೆ ಎಂದು 1888ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟರು. ಅದೇ ವರ್ಷ ಹಾಲೆಂಡಿನ ಬೈಜರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಗಿಡ ಸಕ್ಕರೆಯ ಅಂಶ ಕೊಡುತ್ತದೆ, ಬ್ಯಾಕ್ಟೀರಿಯಾ ಗೊಬ್ಬರ ಕೊಡುತ್ತದೆ. ಇದಿಷ್ಟು ನಿಮ್ಮ ಪಾಠದಲ್ಲೇ ಇದೆ.

ಇವೆರಡರ ನಡುವಿನ ಮಾತುಕತೆ ಅರ್ಥವಾಗಲು ಇನ್ನೂ ನೂರು ವರ್ಷ ಬೇಕಾಯಿತು. ಸಾರಜನಕದ ಹಸಿವಾದಾಗ ಬೇರು ಫ್ಲೇವನಾಯ್ಡ್ ಎಂಬ ರಸಾಯನಿಕವನ್ನು ಮಣ್ಣಿಗೆ ಸೂಸುತ್ತದೆ. ಅದರ ಸುಳಿವು ಹತ್ತಿದ ಬ್ಯಾಕ್ಟೀರಿಯಾದಲ್ಲಿ ಕೆಲವು ಜೀನುಗಳು, ಅಂದರೆ ವಂಶವಾಹಿಗಳು, ಎಚ್ಚರಗೊಳ್ಳುತ್ತವೆ. ಅದು ‘ನಾಡ್ ಫ್ಯಾಕ್ಟರ್’ ಎಂಬ ಮರುಸಂದೇಶ ಕಳಿಸುತ್ತದೆ. ಈ ಸಂದೇಶದ ರಚನೆ 1990ರಲ್ಲಿ ತಿಳಿಯಿತು. ಬೇರುಕೂದಲಿನಲ್ಲಿ ಅದನ್ನು ಓದುವ ‘ಕಿವಿ’ಗಳ ಜೀನುಗಳು 2003ರಲ್ಲಿ ಸಿಕ್ಕವು. ಸಂದೇಶ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಬೇರಿನ ಜೀವಕೋಶದ ಕೇಂದ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಈ ಮಿಡಿತದಿಂದ ‘ನಿನ್’ ಎಂಬ ಮೇಸ್ತ್ರಿ ಜೀನು ಎಚ್ಚರಗೊಂಡು, ಉಳಿದವನ್ನು ಎಬ್ಬಿಸುತ್ತದೆ. ಬೇರಿನ ಜೀವಕೋಶಗಳು ಮತ್ತೆ ವಿಭಜನೆಗೊಂಡು ಗಂಟು ಮೂಡುತ್ತದೆ.

ತೊಗರಿಯಲ್ಲಿ ಬ್ಯಾಕ್ಟೀರಿಯಾ ಒಳಬರುವುದು ಬೇರುಕೂದಲಿನ ಮೂಲಕ. ಶೇಂಗಾ ಗಿಡದ್ದು ಬೇರೆ ರೀತಿ. ಅಲ್ಲಿ ಕವಲುಬೇರು ಹೊರಡುವಾಗ ಆಗುವ ಬಿರುಕೇ ಹೆಬ್ಬಾಗಿಲು.

ಗಂಟಿನಲ್ಲಿ ವಿಶೇಷವಾಗಿ ತಯಾರಾಗುವ ಗಿಡದ ಪ್ರೋಟೀನುಗಳಿಗೆ 1980ರಲ್ಲಿ ಲೆಗೋಕಿ ಮತ್ತು ವರ್ಮ ಎಂಬ ವಿಜ್ಞಾನಿಗಳು ‘ನಾಡ್ಯುಲಿನ್’ ಎಂದು ಹೆಸರಿಟ್ಟರು. ನೀವು ಕಂಡ ಕೆಂಪು ಬಣ್ಣ ಅಂಥದೊಂದು ಪ್ರೋಟೀನಿನದು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ನೆಂಟ, ಹೆಸರು ಲೆಗ್‌ಹಿಮೋಗ್ಲೋಬಿನ್. ಸಾರಜನಕವನ್ನು ಕಟ್ಟುವ ಕಿಣ್ವಕ್ಕೆ ಆಮ್ಲಜನಕ ವಿಷ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಅದು ಬೇಕೇ ಬೇಕು. ಈ ಕೆಂಪು ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಅಳೆದು ಕೊಡುತ್ತದೆ. 2005ರಲ್ಲಿ ವಿಜ್ಞಾನಿಗಳು ಕಾಳು ಜಾತಿಯ ಒಂದು ಸಣ್ಣ ಗಿಡದಲ್ಲಿ ಇದರ ಜೀನುಗಳ ಬಾಯಿ ಮುಚ್ಚಿಸಿದರು. ಗಂಟುಗಳೇನೋ ಮೂಡಿದವು, ಆದರೆ ಸಾರಜನಕ ಮಾತ್ರ ಸಿಗಲಿಲ್ಲ. ಇನ್ನೊಂದು ಪ್ರಯೋಗ ಇದಕ್ಕಿಂತ ಸೋಜಿಗದ್ದು. ಕ್ಯಾಲ್ಸಿಯಂ ಮಿಡಿತವನ್ನು ಓದುವ ಜೀನು ಸದಾ ಚಾಲೂ ಇರುವಂಥ ಗಿಡದಲ್ಲಿ, ಬ್ಯಾಕ್ಟೀರಿಯಾದ ಸುಳಿವೇ ಇಲ್ಲದೆ ಗಂಟು ಮೂಡಿದ್ದು 2006ರಲ್ಲಿ ವರದಿಯಾಯಿತು. ಗಂಟು ಕಟ್ಟುವುದು ಗಿಡವೇ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಕಟ್ಟುವ ಯಜಮಾನ ಲೆಕ್ಕವನ್ನೂ ಇಡುತ್ತಾನೆ. ಗಂಟು ಸಾಕುವುದು ದುಬಾರಿ ಬಾಬತ್ತು. ಎಲೆ ತಯಾರಿಸಿದ ಆಹಾರ ಅಲ್ಲಿ ಖರ್ಚಾಗುತ್ತದೆ. ಆದ್ದರಿಂದ ಸಾಕಷ್ಟು ಗಂಟುಗಳಾದ ಮೇಲೆ ಎಲೆಯ ಕಡೆಯಿಂದ ‘ಇನ್ನು ಸಾಕು’ ಎಂಬ ಸೂಚನೆ ಬೇರಿಗೆ ಬರುತ್ತದೆ. ಮಣ್ಣಿನಲ್ಲೇ ನೈಟ್ರೇಟ್ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಜೀನುಗಳನ್ನು ಅದುಮಿಡುತ್ತದೆ. ಮನೆ ಬಾಗಿಲಿಗೇ ಊಟ ಬರುವಾಗ ಒಲೆ ಹೊತ್ತಿಸುವವರು ಯಾರು?

ಮನೆಯ ದುಡ್ಡಿನ ಮಾತು ಬರುವುದು ಇಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ಭತ್ತವಿದೆ. ಭತ್ತಕ್ಕೆ ಇಂಥ ಗಂಟಿಲ್ಲ, ಅದಕ್ಕೆ ಯೂರಿಯಾ ಬೇಕು. ಎರಚಿದ ವಾರದಲ್ಲಿ ಗದ್ದೆ ಹಸಿರೇರುವುದನ್ನು ಕಂಡವರು ಅದೇ ಚೀಲವನ್ನು ತೊಗರಿ ಹೊಲಕ್ಕೂ ಹೊತ್ತೊಯ್ದರೆ ಏನಾಗುತ್ತದೆ? ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಎಲೆ ಹಸಿರಾಗುತ್ತದೆ, ಕೆಳಗೆ ಗಂಟು ಕಡಿಮೆಯಾಗುತ್ತದೆ. ಗಾಳಿಯಿಂದ ಪುಕ್ಕಟೆ ಸಿಗಬೇಕಾದದ್ದಕ್ಕೆ ಅಂಗಡಿಯಲ್ಲಿ ಹಣ ಕೊಟ್ಟಂತಾಯಿತು. ಬಿತ್ತುವಾಗ ಶಿಫಾರಸಿನಂತೆ ಕೊಡುವ ಸ್ವಲ್ಪ ಸಾರಜನಕದ ಮಾತು ಬೇರೆ. ಗಂಟು ಕೆಲಸ ಆರಂಭಿಸುವವರೆಗೆ ಸಸಿಗೆ ಅದು ಬುತ್ತಿ.

ಹಾಗೆಂದು ನಾಳೆಯೇ ಗೊಬ್ಬರವೆಲ್ಲ ಬಂದ್ ಎಂದು ಅಪ್ಪನೊಡನೆ ವಾದಕ್ಕೆ ಇಳಿಯಬೇಡಿ. ಮೊದಲು ಗಿಡ ಅಗೆದು ನೋಡಿ. ಗಂಟು ಕೆಂಪಗಿದ್ದರೆ ಕಾರ್ಖಾನೆ ನಡೆಯುತ್ತಿದೆ. ಬಿಳಿಯಾಗಿದ್ದರೆ ಕೆಲಸ ನಡೆಯುತ್ತಿಲ್ಲ, ಹಸಿರು-ಕಂದಾದರೆ ಅದಕ್ಕೆ ವಯಸ್ಸಾಗಿದೆ. ಗಂಟೇ ಇಲ್ಲದಿದ್ದರೆ ಮಣ್ಣಿನಲ್ಲಿ ತಕ್ಕ ಬ್ಯಾಕ್ಟೀರಿಯಾದ ಕೊರತೆ ಇರಬಹುದು. ಮುಂದಿನ ಬಿತ್ತನೆಗೆ ತೊಗರಿಯದೇ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತುವುದು ಒಳ್ಳೆಯದು. ಗಂಟಿಗೆ ರಂಜಕವೂ ಬೇಕೆಂಬುದು ನೆನಪಿರಲಿ.

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಮುಂದಾಳುತನದಲ್ಲಿ 2011ರಲ್ಲಿ ‘ಆಶಾ’ ತಳಿಯ ತೊಗರಿಯ ಜೀನುಪಟ್ಟಿ ಹೊರಬಂತು. ಅದರಲ್ಲಿ ಅಂದಾಜು 48,680 ಜೀನುಗಳಿವೆ. ಗಂಟಿನ ಜೀನುಗಳನ್ನು ಇನ್ನು ನಮ್ಮ ತೊಗರಿಯಲ್ಲೇ ಹುಡುಕಬಹುದು. ಆ ಕೆಲಸಕ್ಕೆ ಎರೆ ಹೊಲದಲ್ಲಿ ಆಡಿ ಬೆಳೆದ ಮಕ್ಕಳಿಗಿಂತ ಯೋಗ್ಯರು ಯಾರು?

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪ್ರಯೋಗ. ಎರಡು ಕುಂಡಗಳಿಗೆ ಒಂದೇ ಹೊಲದ ಮಣ್ಣು ತುಂಬಿ, ತಲಾ ನಾಲ್ಕು ತೊಗರಿ ಬೀಜ ಹಾಕಿ. ಒಂದಕ್ಕೆ ಬರಿ ನೀರು. ಇನ್ನೊಂದಕ್ಕೆ ವಾರಕ್ಕೊಮ್ಮೆ, ಲೀಟರಿಗೆ ಒಂದು ಚಿಟಿಕೆ ಯೂರಿಯಾ ಕರಗಿಸಿದ ನೀರು. ನಲವತ್ತೈದನೇ ದಿನ ಎರಡನ್ನೂ ತೊಳೆದು ಗಂಟುಗಳನ್ನು ಎಣಿಸಿ, ಸೀಳಿ, ಬಣ್ಣ ಬರೆದಿಡಿ. ಎಣಿಸುವಾಗ ಅಪ್ಪ-ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನ ಮುಂಗಾರಿಗೆ ಎಷ್ಟು ಚೀಲ ತರಬೇಕೆಂಬ ಲೆಕ್ಕ ಆ ಬೇರಿನ ಮುಂದೆಯೇ ಆಗಲಿ.