ಕರ್ಕಿಯಿಂದ ಸಾಂಗಲಿಗೆ ಬಂದ ಆಟ

ಮರಾಠಿ ರಂಗಭೂಮಿಯ ದಿನವೆಂದು ಮಹಾರಾಷ್ಟ್ರವು ವರ್ಷವರ್ಷವೂ ನವೆಂಬರ್ 5ರಂದು ಆಚರಿಸುವ ಉತ್ಸವಕ್ಕೆ ಕಾರಣವಾದ ನಾಟಕವು ಪ್ರಯೋಗಗೊಂಡುದು 1843ರಲ್ಲಿ, ಸಾಂಗಲಿಯಲ್ಲಿ, ಅಲ್ಲಿಯ ಸಂಸ್ಥಾನಾಧಿಪತಿಗಳಾದ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಸಮ್ಮುಖದಲ್ಲಿ. ಆ ನಾಟಕಕ್ಕೆ ಪ್ರೇರಣೆಯಾದ ಆಟವೂ ಅದೇ ಊರಿನಲ್ಲಿಯೇ, ಅದರ ಹಿಂದಿನ ವರ್ಷ ನಡೆದಿತ್ತು, ಮತ್ತು ಅದನ್ನು ಆಡಿ ತೋರಿಸಿದವರು ಹೊನ್ನಾವರದ ಸಮೀಪದ ಕರ್ಕಿಯಿಂದ ಘಟ್ಟವನ್ನೇರಿ ಬಂದ ಭಾಗವತ ಮೇಳದವರು. ಮರಾಠಿ ರಂಗಭೂಮಿಯ ಚರಿತ್ರಕಾರರು ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಕನ್ನಡಿಗರಲ್ಲಿ ಮಾತ್ರ ಇದನ್ನು ಬಲ್ಲವರು ಕೆಲವರೇ. ರಂಗಭೂಮಿಗೆ ಮೀಸಲಾದ ಈ ಸಂಚಿಕೆಯನ್ನು ಓದುಗರ ಕೈಗಿಡುವ ಮುನ್ನ ಆ ಊರನ್ನೂ ಅಲ್ಲಿಯ ನಾಟ್ಯಮಂದಿರವನ್ನೂ ಕಣ್ಣಾರೆ ಕಂಡು ಬರಬೇಕೆಂದು ನಾವು ಹೊರಟೆವು.

ನಮ್ಮ ಬಿಡಾರವಿದ್ದುದು ಕಸಬೆ ಡಿಗ್ರಜದಲ್ಲಿ. ಸಾಂಗಲಿಯಿಂದ ಇಸ್ಲಾಂಪುರದ ಕಡೆಗೆ ಹೋಗುವ ಹಾದಿಯಲ್ಲಿ, ಕೃಷ್ಣೆಯ ಕಪ್ಪು ಮಣ್ಣಿನ ನಡುವೆ, ಕಬ್ಬು ಅರಿಶಿನಗಳ ಹೊಲಗಳಿಂದ ಸುತ್ತುವರಿದ ದೊಡ್ಡ ಗ್ರಾಮವದು. ಮಿರಜ ತಾಲೂಕಿನ ಅನೇಕ ಊರುಗಳಲ್ಲಿ ಒಲೆಯ ಮುಂದೆ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಮನೆತನಗಳು ಈಗಲೂ ಇವೆ. ನಮಗೆ ಆಶ್ರಯವಿತ್ತ ಹಿರಿಯರ ಮನೆಯೂ ಅಂಥದೇ. ನಾವು ನಾಟ್ಯಗೃಹವನ್ನು ನೋಡಲು ಬಂದವರೆಂದು ತಿಳಿದೊಡನೆ ಅವರ ಮುಖವರಳಿತು. “ಪೂಲ್ ಆಗೂಕಿಂತ ಮೊದಲ ನಮ್ಮಜ್ಜ ನಾವ್ಯಾಗ ಹೊಳಿ ದಾಟಿ ನಾಟಕಕ್ಕ ಹೋಗತಿದ್ದನಂತ್ರಿ. ಬೆಳತನಕ ಆಟ. ಹೊಳಿಗೆ ಮಹಾಪೂರ ಬಂದ್ರ ಆಕಡೇನ ಉಳದು ಇನ್ನೊಂದು ನಾಟಕಾ ನೋಡಿಕೊಂಡ ಬರತಿದ್ದನಂತ” ಎಂದರು. ಅವರು ಹೇಳಿದ ‘ಪೂಲ್’ ಸಾಂಗಲಿವಾಡಿಯನ್ನು ನಗರದೊಡನೆ ಕೂಡಿಸುವ ಅಯರ್ವಿನ್ ಸೇತುವೆ, 1929ರಲ್ಲಿ ತೆರೆದುದು. ಕೃಷ್ಣೆಯ ನೆರೆಯ ಎತ್ತರವನ್ನು ಸಾಂಗಲಿಯ ಜನರು ಇಂದಿಗೂ ಆ ಸೇತುವೆಯ ಗುರುತಿನಿಂದಲೇ ಅಳೆಯುತ್ತಾರೆ.

ವಿಷ್ಣುದಾಸ ಭಾವೆ ನಾಟ್ಯಮಂದಿರವನ್ನು ನಾವು ಹೊಕ್ಕುದು ಪ್ರಯೋಗವಿಲ್ಲದ ಒಂದು ಮಧ್ಯಾಹ್ನ. ದೀಪವಿಲ್ಲದ ಪ್ರೇಕ್ಷಾಗೃಹದಲ್ಲಿ ಕುರ್ಚಿಗಳ ಸಾಲುಗಳನ್ನು ದಾಟಿ ರಂಗದ ಮುಂದೆ ನಿಂತಾಗ, ಕಟ್ಟಡದ ಶಿಲ್ಪವು ನಮ್ಮನ್ನು ಸೆರೆಹಿಡಿಯಿತೆಂದು ಹೇಳಲಾರೆವು; ದೇಶದಲ್ಲಿ ಇದಕ್ಕಿಂತ ಭವ್ಯವಾದ ರಂಗಮಂದಿರಗಳು ಬೇಕಾದಷ್ಟಿವೆ. ಆದರೆ ಆ ಬಾಗಿಲಿನ ಮೇಲಿರುವ ಹೆಸರು, ಆ ಹೆಸರಿನ ಹಿಂದಿರುವ ಮನುಷ್ಯ, ಆತನು ತನ್ನ ಕಣ್ಣಿಂದ ನೋಡಿದ್ದ ಒಂದು ಕನ್ನಡ ಆಟ, ಇವು ಮೂರೂ ನೆನಪಿಗೆ ಬಂದಾಗ ಆ ಬರಿದಾದ ರಂಗವು ನಮಗೆ ತೀರ ಹತ್ತಿರದ ನಂಟನ ಮನೆಯಂತೆ ತೋರಿತು. ನಾಟಕದಲ್ಲಿ ಬದುಕುವ ಊರೆಂಬ ಅಭಿಮಾನದಿಂದ ಸಾಂಗಲಿಯನ್ನು ಮರಾಠಿಗರು ನಾಟ್ಯಪಂಢರಿಯೆಂದು ಕರೆಯುತ್ತಾರೆ. ವಾರಕರಿಗಳ ವಿಠ್ಠಲನನ್ನು ದಾಸರು ಕನ್ನಡದಲ್ಲಿ ಹಾಡಿ ತಮ್ಮವನನ್ನಾಗಿ ಮಾಡಿಕೊಂಡಂತೆ, ಈ ಪಂಢರಿಗೂ ಬರುವ ಹಕ್ಕು ಕನ್ನಡಿಗರಿಗೆ ಉಂಟು.

ವಿಷ್ಣುದಾಸರೆಂದು ಹೆಸರಾದ ವಿಷ್ಣು ಅಮೃತ ಭಾವೆಯವರು ಸಾಂಗಲಿ ಸಂಸ್ಥಾನದ ಆಶ್ರಯದಲ್ಲಿದ್ದ ತರುಣರು. ಕವಿತೆ ಕಟ್ಟುವುದರಲ್ಲಿಯೂ ಮರದ ಬೊಂಬೆಗಳನ್ನು ಕಡೆದು ಸೂತ್ರ ಕಟ್ಟಿ ಕುಣಿಸುವುದರಲ್ಲಿಯೂ ಬಲ್ಲಿದರು. 1842ರಲ್ಲಿ ಕರ್ಕಿಯ ಮೇಳವು ಸಾಂಗಲಿಗೆ ಬಂದು ಅರಸರೆದುರು ತನ್ನ ಆಟವನ್ನು ಆಡಿತು. ಶರಾವತಿಯು ಕಡಲನ್ನು ಸೇರುವ ಸೀಮೆಯಿಂದ ವೇಷಭೂಷಣಗಳ ಪೆಟ್ಟಿಗೆಗಳನ್ನು ಹೊರಿಸಿಕೊಂಡು, ದುರ್ಗಮವಾದ ಘಟ್ಟದ ಹಾದಿಯನ್ನು ಹತ್ತಿ, ಭಾಷೆಯೇ ಬೇರೆಯಾದ ರಾಜಸಭೆಯೊಂದರ ಮುಂದೆ ರಾತ್ರಿಯಿಡೀ ಕುಣಿದು ಮೆಚ್ಚುಗೆ ಪಡೆದ ಆ ಕಲಾವಿದರ ಸಾಹಸವನ್ನು ನೆನೆದರೆ ಇಂದು ಮೈನವಿರೇಳುತ್ತದೆ. ಇಂಥ ಆಟವು ಮರಾಠಿಯಲ್ಲಿಯೂ ಆಗಬೇಕೆಂಬ ಅಪೇಕ್ಷೆ ಅರಸರಲ್ಲಿ ಹುಟ್ಟಿತು. ಆ ಕಾರ್ಯಕ್ಕೆ ಭಾವೆಯವರನ್ನು ನಿಯಮಿಸಿದರು. ಒಂದು ವರ್ಷದ ಸಿದ್ಧತೆಯ ಅನಂತರ ‘ಸೀತಾಸ್ವಯಂವರ’ವು ರಂಗವನ್ನೇರಿತು. ಭಾವೆಯವರು ಮುಂದೆ 1885ರಲ್ಲಿ ತಮ್ಮ ನಾಟ್ಯಪದ್ಯಗಳ ಸಂಗ್ರಹವನ್ನು ಅಚ್ಚುಹಾಕಿಸಿದಾಗ ಈ ವೃತ್ತಾಂತವನ್ನು ತಾವೇ ಹೇಳಿಕೊಂಡರು. ಋಣವನ್ನು ಮರೆಯುವುದು ಸುಲಭವಾಗಿದ್ದ ವಯಸ್ಸಿನಲ್ಲಿ, ಕೀರ್ತಿಯೆಲ್ಲ ತಮ್ಮದಾದ ಮೇಲೆ, ಅದನ್ನು ಬರೆದಿಟ್ಟ ಆ ಪ್ರಾಮಾಣಿಕತೆಗೆ ನಾವು ನಮಸ್ಕರಿಸುತ್ತೇವೆ.

ಯಕ್ಷಗಾನವನ್ನು ಬಲ್ಲ ಓದುಗರಿಗೆ ಭಾವೆಯವರ ನಾಟಕಗಳ ಕಟ್ಟನ್ನು ಬಣ್ಣಿಸಿದರೆ ಹೆಚ್ಚು ವಿವರಿಸಬೇಕಾಗಿಲ್ಲ. ಮೊದಲಲ್ಲಿ ಮಂಗಲಾಚರಣೆ, ವಿದೂಷಕನ ಪ್ರವೇಶ ಮತ್ತು ಸೂತ್ರಧಾರನೊಡನೆ ಅವನ ಹಾಸ್ಯ, ಗಣಪತಿಯು ಪ್ರತ್ಯಕ್ಷನಾಗಿ ವರವೀಯುವುದು, ನವಿಲನ್ನೇರಿದ ಸರಸ್ವತಿಯ ನರ್ತನ, ಆಮೇಲೆ ಕಥಾರಂಭ. ಕಥೆಯನ್ನು ಪದ್ಯಗಳಲ್ಲಿ ಹಾಡುತ್ತ ನಡೆಸುವವನು ಸೂತ್ರಧಾರನೇ. ಪಾತ್ರಧಾರಿಗಳು ಆ ಪದ್ಯದ ಅರ್ಥವನ್ನು ಹಿಡಿದು ತಮ್ಮ ಪ್ರತಿಭೆಯಿಂದ ಆಶುವಾಗಿ ಮಾತನಾಡುವರು. ರಾಕ್ಷಸರು ಬರುವಾಗ ಸಭೆ ಬೆದರುವಂತೆ ಆರ್ಭಟಿಸುವರು. ಚೌಕಿಯ ಗಣಪತಿಪೂಜೆಯನ್ನೂ, ಪೂರ್ವರಂಗದ ಕೋಡಂಗಿಯನ್ನೂ, ಪದವೆತ್ತಿ ಆಟವನ್ನು ನಡೆಸುವ ಭಾಗವತನನ್ನೂ, ಪದ ಮುಗಿದೊಡನೆ ಅರ್ಥ ಹೇಳುವ ವೇಷಧಾರಿಯನ್ನೂ, ಬಣ್ಣದ ವೇಷದ ಅಬ್ಬರವನ್ನೂ ಕಂಡವರು ಇವೆರಡರ ಸಂಬಂಧವನ್ನು ಕ್ಷಣಮಾತ್ರದಲ್ಲಿ ಗುರುತಿಸಬಲ್ಲರು. ಹಾಗೆಂದು ಭಾವೆಯವರನ್ನು ಅನುಕರಣಕಾರರೆಂದು ತಳ್ಳಿಬಿಡುವುದು ಅನ್ಯಾಯವಾದೀತು. ಅವರು ಯಕ್ಷಗಾನದ ಕುಣಿತವನ್ನು ಬಿಟ್ಟರು, ಕೀರ್ತನಕಾರರ ರಾಗತಾಳಗಳನ್ನು ತಂದರು, ಮರಾಠಿಯ ಶ್ರೋತೃಗಳ ಅಭಿರುಚಿಗೆ ತಕ್ಕ ಪದಗಳನ್ನು ಹೊಸದಾಗಿ ರಚಿಸಿದರು. ಮರಾಠಿಗೂ ತನ್ನವೇ ಆದ ಲಳಿತ, ದಶಾವತಾರ ಮೊದಲಾದ ಆಟಗಳಿದ್ದವು. ಭಾವೆಯವರಿಗಿಂತ ಬಹಳ ಹಿಂದೆ ತಂಜಾವೂರಿನ ಭೋಂಸಲೆ ಅರಸರು ಮರಾಠಿಯಲ್ಲಿ ನಾಟಕ ಬರೆದುದೂ ಉಂಟು. ಒಂದು ರಂಗಭೂಮಿಯ ಹುಟ್ಟನ್ನು ಒಂದೇ ದಿನಕ್ಕೆ, ಒಂದೇ ಮೂಲಕ್ಕೆ ಕಟ್ಟಿಹಾಕುವುದು ಚರಿತ್ರೆಗೆ ಒಪ್ಪುವ ಕೆಲಸವಲ್ಲ. ಆದರೆ ಸಾಂಗಲಿಯ ಆ ಸಭೆಯಲ್ಲಿ ಕಿಡಿ ಹೊತ್ತಿಸಿದುದು ಕನ್ನಡದ ಆಟವೆಂಬುದರಲ್ಲಿ ಸಂದೇಹವಿಲ್ಲ.

1851ರಲ್ಲಿ ಚಿಂತಾಮಣರಾಯರು ತೀರಿಕೊಂಡರು, ರಾಜಾಶ್ರಯವು ತಪ್ಪಿತು. ನಟವರ್ಗವನ್ನು ಪೋಷಿಸುವ ಭಾರವು ತಲೆಯ ಮೇಲೆ ಬಿದ್ದಾಗ ಭಾವೆಯವರು ಊರನ್ನು ಬಿಟ್ಟು ಪುಣೆಗೆ, ಅಲ್ಲಿಂದ ಮುಂಬಯಿಗೆ ಹೋದರು. 1853ರಲ್ಲಿ ಮುಂಬಯಿಯ ಗ್ರಾಂಟ್ ರೋಡಿನ ರಂಗಮಂದಿರದಲ್ಲಿ, ಟಿಕೀಟು ಕೊಂಡ ಪ್ರೇಕ್ಷಕರ ಮುಂದೆ ಆಡಿದರು. ಅರಸನ ಮೆಚ್ಚುಗೆಯಿಂದ ಬದುಕುತ್ತಿದ್ದ ಕಲೆಯು ಜನರ ಕಾಸಿನಿಂದ ಬದುಕುವುದನ್ನು ಕಲಿತುದು ಹೀಗೆ. ವೃತ್ತಿನಾಟಕ ಮಂಡಳಿಗಳ ಯುಗವು ಇಲ್ಲಿಂದ ಆರಂಭವಾಯಿತು. ಅವುಗಳಲ್ಲಿ ಅನೇಕವು ಕೃಷ್ಣೆಯನ್ನು ದಾಟಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಬಂದು ಡೇರೆ ಹಾಕಿದವು.

ಆಗ ನಮ್ಮವರಲ್ಲಿ ಉಂಟಾದ ಭಾವನೆ ಎರಡು ಬಗೆಯದು. ಮರಾಠಿ ನಾಟಕಗಳ ಸಂಗೀತಕ್ಕೆ ಮರುಳಾಗಿ ಅವುಗಳನ್ನು ತಮ್ಮವೆಂದೇ ಸ್ವೀಕರಿಸಿದವರು ಬಹುಮಂದಿ. ಕನ್ನಡ ನೆಲದಲ್ಲಿ ಕನ್ನಡ ನಾಟಕವೇಕೆ ಇಲ್ಲವೆಂದು ನೊಂದು ಎದ್ದವರು ಕೆಲವರು. ಅವರಲ್ಲಿ ಅಗ್ರಗಣ್ಯರು ಶಾಂತಕವಿಗಳೆಂಬ ಹೆಸರಿನಿಂದ ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು. ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಮಂಡಳಿಯನ್ನು ಕಟ್ಟಿ, ‘ಉಷಾಹರಣ’ವೇ ಮೊದಲಾದ ನಾಟಕಗಳನ್ನು ಬರೆದು ಆಡಿಸಿ, ಉತ್ತರ ಕರ್ನಾಟಕದ ವೃತ್ತಿರಂಗಭೂಮಿಗೆ ಅವರು ಅಸ್ತಿಭಾರವನ್ನು ಹಾಕಿದರು. ಕರ್ಕಿಯ ಮೇಳವು ಸಾಂಗಲಿಗೆ ಕೊಟ್ಟು ಬಂದ ಸ್ಫೂರ್ತಿಯು ಮೂರು ನಾಲ್ಕು ದಶಕಗಳ ಅನಂತರ ಸ್ಪರ್ಧೆಯ ರೂಪದಲ್ಲಿ ಗದಗಿಗೆ ಹಿಂದಿರುಗಿತು. ಇದನ್ನು ನಾವು ಸೋಲೆಂದೂ ಗೆಲುವೆಂದೂ ಎಣಿಸುವುದಿಲ್ಲ. ಸಂಗೀತ ಶಾಕುಂತಲದಿಂದ 1880ರಲ್ಲಿ ಮರಾಠಿ ರಂಗಭೂಮಿಯ ಸ್ವರೂಪವನ್ನೇ ಬದಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ, ಕನ್ನಡದ ನಡುವೆ. ಸಾಂಗಲಿಯ ಸಂಸ್ಥಾನಕ್ಕೆ ತೇರದಾಳ, ಶಿರಹಟ್ಟಿ, ಶಹಾಪುರಗಳು ಸೇರಿದ್ದವು. ಅರಸರ ಪ್ರಜೆಗಳಲ್ಲಿ ಕನ್ನಡಿಗರು ಬಹಳವಾಗಿದ್ದರು. ರಾಜ್ಯದ ಗಡಿಗಳು ಈಗಿನಂತೆ ಬಿಗಿಯಾಗಿ ಎಳೆಯಲ್ಪಡುವ ಮೊದಲು ಈ ಸೀಮೆಯ ಜನರು ಎರಡು ಭಾಷೆಗಳಲ್ಲಿಯೂ ನಕ್ಕು ಅತ್ತವರು. ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸುತ್ತ ಇದೇ ಊರಿನಲ್ಲಿ ಬಾಳಿದ ರಂ. ಶ್ರೀ. ಮುಗಳಿಯವರನ್ನು ನೆನೆದರೆ ಸಾಂಗಲಿಯು ಕನ್ನಡ ಸಾಹಿತ್ಯದ ಭೂಪಟದಲ್ಲಿಯೂ ಒಂದು ಸ್ಥಾನವೆಂಬುದು ವಿದಿತವಾಗುತ್ತದೆ.

ಸಾಂಗಲಿಯ ಹೊರವಲಯದ ಹರಿಪುರಕ್ಕೂ ಹೋಗಿದ್ದೆವು. ಕೃಷ್ಣಾ ವಾರಣಾ ನದಿಗಳ ಸಂಗಮದ ಈ ಗ್ರಾಮವು ‘ಸಂಗೀತ ಶಾರದಾ’ದ ಕರ್ತೃ ಗೋವಿಂದ ಬಲ್ಲಾಳ ದೇವಲರ ಜನ್ಮಸ್ಥಳ. ಮುದುಕನಿಗೆ ಎಳೆಯ ಹುಡುಗಿಯನ್ನು ಮಾರುವ ಮದುವೆಯ ಕ್ರೌರ್ಯವನ್ನು 1899ರಷ್ಟು ಹಿಂದೆಯೇ ರಂಗದ ಮೇಲೆ ತಂದು ಸಮಾಜದ ಮನಸ್ಸನ್ನು ಕಲಕಿದ ಕೃತಿಯದು. ‘ಕೀಚಕವಧ’ದ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರೂ ಸಾಂಗಲಿಯವರೇ; ದ್ರೌಪದಿಯ ಕಥೆಯಲ್ಲಿ ವೈಸರಾಯ್ ಕರ್ಜನ್ನನ ಆಡಳಿತವನ್ನು ಕಂಡ ಬ್ರಿಟಿಷ್ ಸರ್ಕಾರವು ಆ ನಾಟಕವನ್ನು 1910ರಲ್ಲಿ ನಿಷೇಧಿಸಿತು.

ಸಾಂಗಲಿಯ ನೆರೆಯ ಮಿರಜದ ವಿಷಯವನ್ನು ಮಾತ್ರ ಇಷ್ಟು ಬೇಗ ಬಿಟ್ಟು ಮುಂದುವರಿಯಲಾರೆವು. ನಾರಾಯಣ ಶ್ರೀಪಾದ ರಾಜಹಂಸರು, ಲೋಕವು ಬಾಲಗಂಧರ್ವರೆಂದು ಪೂಜಿಸಿದ ಆ ನಟವರ್ಯರು, ಕಿರ್ಲೋಸ್ಕರ ಮಂಡಳಿಯನ್ನು 1905ರಲ್ಲಿ ಸೇರಿ, ದೇವಲರ ಶಿಕ್ಷಣದಲ್ಲಿ ಪಳಗಿ, ಶಕುಂತಲೆಯಾಗಿ ಮೊತ್ತಮೊದಲು ರಂಗವನ್ನು ತುಳಿದುದು ಮಿರಜದ ಹಂಸಪ್ರಭಾ ಥಿಯೇಟರಿನಲ್ಲಿ. ಅದೇ ನೆಲದ ಮೇಲೆ ಈಗ ಅವರ ಹೆಸರಿನ ನಾಟ್ಯಗೃಹವು ನಿಂತಿದೆ. ಅವರ ಬಾಳಿನ ಉತ್ತರಾರ್ಧದ ಸಂಗಾತಿಯಾಗಿ, ಅವರ ರಂಗದ ಸಹಕಲಾವಿದೆಯಾಗಿ ಬಂದ ಗೋಹರಬಾಯಿ ಕರ್ನಾಟಕಿ ಬಿಜಾಪುರ ಸೀಮೆಯ ಬೀಳಗಿಯವರು, ಗಾಯಕಿ ಅಮೀರಬಾಯಿಯ ಒಡಹುಟ್ಟು. ಕನ್ನಡ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನ ಮನಸೂರರು ಸಂಗೀತ ಕಲಿಯಲು ಬಂದುದೂ ಮಿರಜಕ್ಕೇ, ನೀಲಕಂಠಬುವಾ ಅವರ ಪದತಲಕ್ಕೆ. ಖ್ವಾಜಾ ಮೀರಾಸಾಹೇಬರ ದರ್ಗೆಯ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂಖಾನರು ಚಿರನಿದ್ರೆಯಲ್ಲಿದ್ದಾರೆ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯ ನಾಯಕಿಯರಾಗಿ ಹಾಡಿದರು. ಸಮೀಪದ ಬೀದಿಯಲ್ಲಿ ಕುಶಲಕರ್ಮಿಗಳು ಒಣಗಿದ ಸೋರೆಯ ಬುರುಡೆಗಳನ್ನು ಕೊರೆಯುತ್ತ, ತಂಬೂರಿಗಳಿಗೆ ಝೇಂಕಾರದ ಜವಾರಿ ಹಿಡಿಸುತ್ತ ಕುಳಿತಿರುವುದನ್ನು ನಾವು ಬಹಳ ಹೊತ್ತು ನಿಂತು ನೋಡಿದೆವು. ಮಿರಜದ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಧಾರವಾಡದ ಗಾಯಕನ ಹಿಂದೆ ಮಿಡಿಯುವ ತಂಬೂರಿಯು ಮಿರಜದ್ದಾಗಿರುವುದು ನಮಗೆಲ್ಲ ಎಷ್ಟು ಸಹಜವಾಗಿ ತೋರುತ್ತದೆಯೋ, ಸಾಂಗಲಿಯ ರಂಗದ ಹಿಂದೆ ಕರ್ಕಿಯ ಮದ್ದಳೆಯಿರುವುದೂ ಅಷ್ಟೇ ಸಹಜವಾಗಿ ತೋರಬೇಕು.

ರಂಗಮಂದಿರವನ್ನು ಕಾಪಾಡುವುದೆಂದರೆ ಗೋಡೆಗೆ ಸುಣ್ಣ ಹೊಡೆಯಿಸುವುದಷ್ಟೇ ಎಂದು ಭಾವಿಸಿದ ಆಡಳಿತಗಳು ಎರಡು ರಾಜ್ಯಗಳಲ್ಲಿಯೂ ಇವೆ. ಎಷ್ಟೋ ಹಳೆಯ ನಾಟಕಗೃಹಗಳು ಸಿನಿಮಾ ಮಂದಿರಗಳಾದವು, ಆಮೇಲೆ ಕಲ್ಯಾಣಮಂಟಪಗಳಾದವು, ಕೊನೆಗೆ ಮಳಿಗೆಗಳಾದವು. ಸಾಂಗಲಿಯವರು ಆ ಅವಸ್ಥೆಯನ್ನು ತಮ್ಮ ಊರಿಗೆ ಬರಗೊಡಲಿಲ್ಲ. 1943ರಲ್ಲಿ ಶತಮಾನೋತ್ಸವವನ್ನು ಆಚರಿಸಿದರು. ಅಖಿಲ ಮಹಾರಾಷ್ಟ್ರ ನಾಟ್ಯವಿದ್ಯಾ ಮಂದಿರ ಸಮಿತಿಯ ಮೂಲಕ ಶ್ರೇಷ್ಠ ರಂಗಕರ್ಮಿಗಳಿಗೆ ನವೆಂಬರ್ 5ರಂದು ಭಾವೆಯವರ ಹೆಸರಿನ ಗೌರವಪದಕವನ್ನು ಕೊಡುತ್ತ ಬಂದಿದ್ದಾರೆ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆಯು ಊರೊಳಗೆ ನುಗ್ಗಿ ಬಂದ ಮೇಲೂ ನಾಟಕವನ್ನು ಕೈಬಿಡಲಿಲ್ಲ. ನೆನಪನ್ನು ಉಳಿಸಿಕೊಳ್ಳುವ ಈ ನಿಷ್ಠೆಯನ್ನು ನಾವು ಅವರಿಂದ ಕಲಿಯತಕ್ಕದ್ದು.

ಓದುಗರ ಮುಂದೆಯೂ ನಮ್ಮ ರಂಗಸಂಸ್ಥೆಗಳ ಮುಂದೆಯೂ ಒಂದು ಬಿನ್ನಹವನ್ನು ಇಡುತ್ತೇವೆ. ಉತ್ತರ ಕನ್ನಡದ ಬಡಗುತಿಟ್ಟಿನ ಒಂದು ಒಳ್ಳೆಯ ಮೇಳವು ಮುಂಬರುವ ನವೆಂಬರಿನಲ್ಲಿ ಸಾಂಗಲಿಗೆ ಹೋಗಿ, ಭಾವೆ ನಾಟ್ಯಮಂದಿರದ ರಂಗದ ಮೇಲೆ ಸೀತಾಸ್ವಯಂವರದ ಪ್ರಸಂಗವನ್ನು ಪೂರ್ವರಂಗದಿಂದ ಮಂಗಳದವರೆಗೆ ಕನ್ನಡದಲ್ಲಿಯೇ ಆಡಬೇಕು. ಮರುದಿನ ಅದೇ ರಂಗದ ಮೇಲೆ ಸಾಂಗಲಿಯ ಕಲಾವಿದರು ಭಾವೆಯವರ ‘ಸೀತಾಸ್ವಯಂವರ’ವನ್ನು ಮರಾಠಿಯಲ್ಲಿ ಆಡಬೇಕು. ಆ ಎರಡು ರಾತ್ರಿಗಳ ವೆಚ್ಚವು ಬೆಂಗಳೂರಿನ ಯಕ್ಷಗಾನ ಅಕಾಡೆಮಿಗಾಗಲಿ ಸಾಂಗಲಿಯ ಸಮಿತಿಗಾಗಲಿ ಹೊರಲಾರದಷ್ಟು ದೊಡ್ಡದಲ್ಲ. ಕಸಬೆ ಡಿಗ್ರಜದ ಹಿರಿಯರ ಮುಂದೆ ಈ ಆಲೋಚನೆಯನ್ನು ಹೇಳಿದಾಗ ಅವರು, ಮೇಳದವರ ಊಟ ವಸತಿಯ ಹೊಣೆ ತಮ್ಮ ಊರಿನದೆಂದು ಅಲ್ಲಿಯೇ ಒಪ್ಪಿಕೊಂಡರು. ಈ ವಿಷಯದಲ್ಲಿ ಕೈಜೋಡಿಸಬಯಸುವ ಸಂಘಸಂಸ್ಥೆಗಳು ಪತ್ರಿಕೆಯ ಕಾರ್ಯಾಲಯಕ್ಕೆ ಬರೆದರೆ, ಎರಡೂ ಕಡೆಯವರನ್ನು ಕೂಡಿಸುವ ಕೆಲಸವನ್ನು ನಾವು ಸಂತೋಷದಿಂದ ಮಾಡುವೆವು.