ಕೊಳ್ಳೋಣವೇ, ಜೋಡಿಸೋಣವೇ?



ಈಚೆಗೆ ತುಮಕೂರಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. ಜಗಳ ಆಡಿದವರು ನಾನು ಮತ್ತು ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮೊಮ್ಮಗಳು. ಕಾರಣ ಕಂಪ್ಯೂಟರ್.

ಅವಳು ಶಾಲೆಯ ಪ್ರಾಜೆಕ್ಟುಗಳನ್ನೆಲ್ಲ ಅಪ್ಪನ ಫೋನಿನಲ್ಲೇ ಮಾಡುತ್ತಿದ್ದಳು. ಅಪ್ಪ ಕೆಲಸ ಮುಗಿಸಿ ಮನೆಗೆ ಬರುವುದೇ ರಾತ್ರಿ ಎಂಟು ಗಂಟೆಗೆ. ಊಟವಾದ ಮೇಲೆ ಆ ಪುಟ್ಟ ಪರದೆಗೆ ಕಣ್ಣಿಟ್ಟು ಅವಳು ಕೂರುವುದನ್ನು ನೋಡಲಾರದೆ ಅವಳ ಅಜ್ಜಿ ಒಂದು ದಿನ ತೆಂಗಿನಕಾಯಿ ಮಾರಿದ ದುಡ್ಡಿನ ಡಬ್ಬಿ ಹೊರಗೆ ತೆಗೆದಳು. ನನ್ನ ಪಿಂಚಣಿಯಲ್ಲಿ ಉಳಿಸಿದ್ದನ್ನೂ ಸೇರಿಸಿದಾಗ 25,000 ರೂಪಾಯಿ ಆಯಿತು.

"ಇಷ್ಟೇ. ಇದರ ಮೇಲೆ ಒಂದು ರೂಪಾಯಿಯೂ ಇಲ್ಲ" ಎಂದಳು ಅಜ್ಜಿ.

"ಬಿಡಿಭಾಗ ತಂದು ನಾನೇ ಜೋಡಿಸ್ತೀನಿ ತಾತ. ಕಡಿಮೆ ದುಡ್ಡಲ್ಲಿ ಆಗುತ್ತೆ" ಎಂದಳು ಮೊಮ್ಮಗಳು.

"ಬೇಡ ಪುಟ್ಟಿ. ಅಂಗಡಿಯಿಂದ ರೆಡಿ ಇರೋದನ್ನೇ ತರೋಣ. ಕೆಟ್ಟರೆ ಕೇಳೋಕೆ ಒಬ್ಬರಾದರೂ ಇರ್ತಾರೆ."

"ನಾನು ಹಾಳು ಮಾಡಿಬಿಡ್ತೀನಿ ಅಂತ ನಿಂಗೆ ಭಯ, ಅಲ್ವಾ?"

ಅವಳು ಹೇಳಿದ್ದು ನಿಜ. ನಿಜವಾದ್ದರಿಂದಲೇ ನನಗೆ ಸಿಟ್ಟು ಬಂತು. ಆ ದಿನ ಇಬ್ಬರೂ ಮಾತು ಬಿಟ್ಟೆವು.

ಕೊಳ್ಳುವುದೋ ಜೋಡಿಸುವುದೋ ಎಂಬ ಈ ಪ್ರಶ್ನೆ ಇಂದಿನದಲ್ಲ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ ಆಗಿಯೂ ಕೊಳ್ಳಬಹುದಿತ್ತು, ಜೋಡಿಸಿದ ಯಂತ್ರವಾಗಿಯೂ ಕೊಳ್ಳಬಹುದಿತ್ತು. ಮರುವರ್ಷ ಆ್ಯಪಲ್ ಕಂಪನಿಯ ಮೊದಲ ಕಂಪ್ಯೂಟರ್ ಬಂದಾಗ ಕೈಗೆ ಸಿಗುತ್ತಿದ್ದದ್ದು ಬರೀ ಒಂದು ಸರ್ಕ್ಯೂಟ್ ಬೋರ್ಡು. ಪೆಟ್ಟಿಗೆ, ಕೀಬೋರ್ಡುಗಳನ್ನು ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಬೇರೆ ಬೇರೆ ಕಂಪನಿಗಳ ಭಾಗಗಳಿಂದ ಕಟ್ಟಿತು. ಒಬ್ಬರ ಬೋರ್ಡಿಗೆ ಇನ್ನೊಬ್ಬರ ಭಾಗ ಕೂರುವ ಇಂದಿನ ಅನುಕೂಲ ಬೆಳೆದದ್ದು ಆ ದಾರಿಯಲ್ಲೇ.

ಮರುದಿನ ಮೊಮ್ಮಗಳೇ ನೋಟ್‌ಬುಕ್ ಹಿಡಿದು ಬಂದಳು. "ತಾತ, ಮೊದಲು ಒಳಗೆ ಏನಿರುತ್ತೆ ಅಂತ ತಿಳ್ಕೋ. ಆಮೇಲೆ ಬೈಯಿ" ಎಂದು ಪಾಠ ಶುರು ಮಾಡಿದಳು. ನಲವತ್ತು ವರ್ಷ ಪಾಠ ಹೇಳಿದ ನಾನು ಕೈಕಟ್ಟಿ ಕೇಳಿದೆ.

ಪ್ರೊಸೆಸರ್ ಎಂದರೆ ಅಡುಗೆಭಟ್ಟ. ರ‍್ಯಾಮ್ ಎಂದರೆ ಅಡುಗೆಕಟ್ಟೆ. ಕಟ್ಟೆ ದೊಡ್ಡದಿದ್ದಷ್ಟೂ ಒಟ್ಟಿಗೆ ಹೆಚ್ಚು ಪಾತ್ರೆ ಇಟ್ಟುಕೊಂಡು ಕೆಲಸ ಮಾಡಬಹುದು. ಕರೆಂಟು ಹೋದರೆ ಕಟ್ಟೆ ಖಾಲಿ. ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ, ಅಲ್ಲಿಟ್ಟದ್ದು ಉಳಿಯುತ್ತದೆ. ಇವರೆಲ್ಲರನ್ನೂ ಸೇರಿಸುವ ಅಡುಗೆಮನೆಯೇ ಮದರ್‌ಬೋರ್ಡ್. ಎಲ್ಲಕ್ಕೂ ಹದವಾಗಿ ಕರೆಂಟು ಹಂಚುವ ಪೆಟ್ಟಿಗೆ ಎಸ್‌ಎಂಪಿಎಸ್.

"ಸರಿ, ಈ ಅಡುಗೆಮನೆಯಲ್ಲಿ ನೀನು ಏನು ಅಡುಗೆ ಮಾಡ್ತೀಯ?" ಎಂದು ಕೇಳಿದೆ. ಅವಳು ಬರೆದಳು: ಟೈಪ್ ಮಾಡುವುದು, ಪಾಠದ ವಿಡಿಯೋ ನೋಡುವುದು, ಕೋಡಿಂಗ್ ಕಲಿಯುವುದು. ದೊಡ್ಡ ದೊಡ್ಡ ಗೇಮ್ ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಖರ್ಚು ಬೇಡ.

ಆಮೇಲೆ ಲೆಕ್ಕ ಹಾಕಿದೆವು. ಹೊಸ ಭಾಗಗಳನ್ನು ತಂದು ಜೋಡಿಸಿದರೆ, ಮಾನಿಟರ್ ಸೇರಿ, ನಮಗೆ ಸಿಕ್ಕ ದರಪಟ್ಟಿಯಲ್ಲಿ 32,000 ರೂಪಾಯಿ. ವಿಂಡೋಸ್ ಲೈಸೆನ್ಸಿನ ಖರ್ಚು ಬೇರೆ. ಕಂಪನಿಯ ಸಿದ್ಧ ಕಂಪ್ಯೂಟರಿಗೆ ವಿಂಡೋಸ್ ಸೇರಿ 38,000. ಅವಳ ದಾರಿಯೂ ಮುಚ್ಚಿತು, ನನ್ನ ದಾರಿಯೂ ಮುಚ್ಚಿತು. ಇಬ್ಬರೂ ಸೋತೆವಲ್ಲ, ಜಗಳ ತಾನಾಗಿ ನಿಂತಿತು!

ಮೂರನೇ ದಾರಿ ತೋರಿಸಿದವರು ಅವಳ ಶಾಲೆಯ ಕಂಪ್ಯೂಟರ್ ಮೇಷ್ಟ್ರು. ಆಫೀಸುಗಳಲ್ಲಿ ಕೆಲವು ವರ್ಷ ಬಳಸಿ ಬಿಟ್ಟ ಒಳ್ಳೆಯ ಕಂಪ್ಯೂಟರುಗಳನ್ನು ಪರೀಕ್ಷಿಸಿ, ದುರಸ್ತಿ ಮಾಡಿ ಮಾರುತ್ತಾರೆ. ಅಂಥದ್ದನ್ನು ತಂದು, ಒಂದೆರಡು ಭಾಗವನ್ನು ಮಾತ್ರ ಹೊಸದಾಗಿ ಹಾಕಿಕೊಳ್ಳಿ ಎಂದರು. ಅರ್ಧ ಕೊಳ್ಳುವುದು, ಅರ್ಧ ಜೋಡಿಸುವುದು!

ಒಂದು ಶನಿವಾರ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಟೌನ್‌ಹಾಲ್ ಹತ್ತಿರ ಎಸ್.ಪಿ. ರೋಡ್ ಇದೆಯಲ್ಲ, ಅಲ್ಲಿ ಸಾಲಿಗೆ ಸಾಲೇ ಕಂಪ್ಯೂಟರ್ ಅಂಗಡಿಗಳು. ಮೊದಲ ಅಂಗಡಿಯವರು ಒಂದು ಯಂತ್ರ ತೋರಿಸಿ, "ಐ5 ಇದೆ ಸಾರ್, ಕಣ್ಣುಮುಚ್ಚಿ ತಗೊಳ್ಳಿ" ಎಂದರು. ನಾನು ಜೇಬಿಗೆ ಕೈ ಹಾಕಿದ್ದೆ.

"ಎಷ್ಟನೇ ಜನರೇಷನ್ ಅಂಕಲ್?" ಎಂದಳು ಮೊಮ್ಮಗಳು. ಉತ್ತರ ಬರಲಿಲ್ಲ. ಅವಳೇ ಪರದೆಯಲ್ಲಿ ನೋಡಿದಳು. ನಾಲ್ಕನೇ ಜನರೇಷನ್!

ಮಕ್ಕಳೇ, ಇದನ್ನು ಗುರುತು ಹಾಕಿಕೊಳ್ಳಿ. ಇಂಟೆಲ್‌ನ ಐ5-8500 ಎಂದಿದ್ದರೆ ಅದು 8ನೇ ಜನರೇಷನ್, ಐ5-10400 ಎಂದಿದ್ದರೆ 10ನೇದು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಷ್ಟು ಹಳೆಯ ಯಂತ್ರ ತಂದರೆ ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿಕೊಂಡು ಬಳಸಬಹುದು. ಆದರೆ ಅದು ಗೊತ್ತಿದ್ದೇ ಕೊಳ್ಳಬೇಕು, ಅದಕ್ಕೆ ತಕ್ಕ ಬೆಲೆಯನ್ನೇ ಕೊಡಬೇಕು.

ನಾಲ್ಕನೇ ಅಂಗಡಿಯಲ್ಲಿ ಐ5-8500, 8 ಜಿಬಿ ರ‍್ಯಾಮ್ ಇದ್ದ ಯಂತ್ರ ಸಿಕ್ಕಿತು. ಬೆಲೆ 14,000. ವಿಂಡೋಸ್ ಲೈಸೆನ್ಸ್ ಅದರ ಜೊತೆಗೇ ಇತ್ತು. ಒಂದು ವರ್ಷದ ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆವು. "ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತಾ?" ಎಂದು ಅವಳು ಕೇಳಿದ್ದಕ್ಕೆ, ಎಸ್‌ಎಸ್‌ಡಿ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದು ಅದನ್ನೂ ಬರೆದುಕೊಟ್ಟರು. ಹೊಸ ಮಾನಿಟರ್ 6,500, ಹೊಸ ಎಸ್‌ಎಸ್‌ಡಿ 2,400, ಕೀಬೋರ್ಡ್ ಮತ್ತು ಮೌಸ್ 800. ಒಟ್ಟು 23,700. ಯುಪಿಎಸ್ ಮುಂದಿನ ಕಾಯಿ ಕೊಯ್ಲಿಗೆ ಎಂದಾಯಿತು.

ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತಳು. ಪ್ಲಗ್ ಕಿತ್ತಳು. ಮೈಯ ಸ್ಥಾಯೀ ವಿದ್ಯುತ್ತು ಚಿಪ್ಪುಗಳನ್ನು ಸುಡಬಹುದು ಎಂದು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಳು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ ಎರಡು ಕೇಬಲ್ ಚುಚ್ಚಿದಳು. ನನಗೆ ತೋರಿಸಲೆಂದು ರ‍್ಯಾಮ್ ಪಟ್ಟಿಯನ್ನೂ ತೆಗೆದು ಮತ್ತೆ ಹಾಕಿದಳು. ಸ್ವಿಚ್ ಒತ್ತಿದರೆ ಪರದೆ ಕಪ್ಪು. ಬೀಪ್, ಬೀಪ್ ಎಂಬ ಸದ್ದು ಮಾತ್ರ.

ಅವಳ ಮುಖ ಬಿಳಿಚಿಕೊಂಡಿತು. "ನಾನು ಹೇಳಲಿಲ್ವಾ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿ ನನ್ನತ್ತ ಒಮ್ಮೆ ನೋಡಿದಳು. ನಾನು ಮಾತು ನುಂಗಿಕೊಂಡೆ.

ಮೊಮ್ಮಗಳು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, "ತಾತ, ರ‍್ಯಾಮ್ ಪೂರ್ತಿ ಕೂತಿಲ್ಲ ಅನ್ಸುತ್ತೆ" ಎಂದು ಎರಡೂ ತುದಿ ಹಿಡಿದು ಒತ್ತಿದಳು. ಟಿಕ್ ಎಂದಿತು. ಈ ಸಲ ಪರದೆ ಬೆಳಗಿತು. ವಿಂಡೋಸ್ ಹಾಕಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು.

ಹಾಗಾದರೆ ಯಾರು ಏನು ಮಾಡಬೇಕು? ಕೈಯಲ್ಲಿ ದುಡ್ಡಿದ್ದು, ದುರಸ್ತಿಗೆ ಪುರುಸೊತ್ತಿಲ್ಲದವರು ಸಿದ್ಧ ಯಂತ್ರವನ್ನೇ ಕೊಳ್ಳಿ. ಒಂದೇ ಬಿಲ್ಲು, ಕೇಳಲು ಒಂದೇ ಜಾಗ. ಕಲಿಯುವ ಆಸೆ, ಮುಂದೆ ಭಾಗಗಳನ್ನು ಬದಲಿಸುವ ಯೋಚನೆ ಇದ್ದವರು ಜೋಡಿಸಿ. ಆದರೆ ಪ್ರತಿ ಭಾಗದ ಬಿಲ್ಲು, ವಾರಂಟಿ ಬೇರೆಬೇರೆ ಎಂಬುದನ್ನು ಮರೆಯಬೇಡಿ. ಡಿಡಿಆರ್4 ರ‍್ಯಾಮ್ ಡಿಡಿಆರ್5 ಜಾಗದಲ್ಲಿ ಕೂರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಹಾಕದಿದ್ದರೆ ಮಾನಿಟರಿನಲ್ಲಿ ಚಿತ್ರವೇ ಬಾರದು. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಅದು ಕೆಟ್ಟರೆ ಉಳಿದವನ್ನೂ ಕೆಡಿಸಬಹುದು. ದುಡ್ಡು ಕಡಿಮೆಯಿದ್ದರೆ ನಮ್ಮ ದಾರಿ ಇದ್ದೇ ಇದೆ.

ಹಿರಿಯರಿಗೆ ಒಂದು ಮಾತು. ಮೊದಲ ಅಂಗಡಿಯಲ್ಲಿ ನಮ್ಮ ದುಡ್ಡು ಉಳಿಸಿದ್ದು ನನ್ನ ಅನುಭವವಲ್ಲ, ಅವಳ ಒಂದು ಪ್ರಶ್ನೆ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಈ ವಾರದ ಕೆಲಸ: ಮನೆಯಲ್ಲೋ ಶಾಲೆಯಲ್ಲೋ ಇರುವ ಕಂಪ್ಯೂಟರಿನ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಉಗ್ರಾಣ ಎಷ್ಟು ದೊಡ್ಡದು ಎಂದು ನೋಡಿ ಬರೆದುಕೊಳ್ಳಿ. ಆಮೇಲೆ ಅಜ್ಜ ಅಜ್ಜಿಗೆ ಪಾಠ ಹೇಳಿ.

ನಮ್ಮ ಮನೆಯಲ್ಲಿ ಈಗ ಸಂಜೆ ಏಳರಿಂದ ಎಂಟರವರೆಗೆ ಕಂಪ್ಯೂಟರ್ ಮೊಮ್ಮಗಳಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಅಜ್ಜಿ ಕನ್ನಡದಲ್ಲಿ ತೆಂಗಿನಕಾಯಿಯ ಲೆಕ್ಕ ಟೈಪ್ ಮಾಡುತ್ತಾಳೆ.